ನಾಯಿಯ ಕಾಲು ದಿನಾ ತೊಳೆಯುತ್ತಿದ್ದೇನೆ, ಆದರೂ ಬೆರಳ ಸಂದಿ ಕೆಂಪಾಗುತ್ತಿದೆ. ಎಲ್ಲಿ ತಪ್ಪುತ್ತಿದ್ದೇನೆ?

ಎರೆಮಣ್ಣು_ವಿಜಯಪುರ · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಮ್ಮದು ವಿಜಯಪುರ, ಸೊಲ್ಲಾಪುರ ರಸ್ತೆ ಕಡೆ ಹೊಸ ಬಡಾವಣೆ. ನಮ್ಮ ಓಣಿಗೆ ಇನ್ನೂ ಡಾಂಬರು ಬಿದ್ದಿಲ್ಲ. ಎರಡು ಹನಿ ಮಳೆಯಾದರೆ ಸಾಕು, ಎರೆ ಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಕಾಲು ಎತ್ತಿಡುವುದೇ ಕಷ್ಟ. ಅದೇ ಮಣ್ಣಿನಲ್ಲಿ ನಮ್ಮ ಮೋತಿಯ ತಿರುಗಾಟ. ಮೂರು ವರ್ಷದವನು, ಮುಧೋಳ ಮಿಶ್ರ, ಮೈಯೆಲ್ಲ ಬಿಳಿ.

ಮನೆಯಲ್ಲಿ ಅತ್ತೆಯವರಿದ್ದಾರೆ. ಪಡಸಾಲೆ ದಾಟಿಯೇ ದೇವರ ಕೋಣೆಗೆ ಹೋಗಬೇಕು. ಫರಸಿ ಮೇಲೆ ಅವನ ಕಾಲಿನ ಗುರುತು ಕಂಡರೆ ಅವರಿಗೆ ಬೇಜಾರು. ಅದು ತಪ್ಪು ಅಂತ ನಾನೂ ಹೇಳಲ್ಲ. ಹಾಗಾಗಿ ಮೂರು ವಾರದಿಂದ ದಿನಾ ಸಂಜೆ ನಾಲ್ಕೂ ಕಾಲು ತೊಳೆಯುತ್ತಿದ್ದೇನೆ. ಬಿಸಿನೀರು, ಮೈಗೆ ಹಚ್ಚುವ ಸೋಪು, ಮತ್ತೆ ಎರಡು ಮುಚ್ಚಳ ಆ್ಯಂಟಿಸೆಪ್ಟಿಕ್ (ನೀರಿಗೆ ಬಿಟ್ಟರೆ ಹಾಲಿನಂತೆ ಬೆಳ್ಳಗಾಗುತ್ತಲ್ಲ, ಅದು). ಆಮೇಲೆ ಟವೆಲ್‌ನಿಂದ ಒಂದು ಸಲ ಒರೆಸಿ ಒಳಗೆ ಬಿಡುತ್ತೇನೆ.

ಹತ್ತು ದಿನದಿಂದ ಅವನು ಕಾಲು ನೆಕ್ಕುವುದೇ ನೆಕ್ಕುವುದು. ರಾತ್ರಿಯೆಲ್ಲ ಚಪ್ ಚಪ್ ಸದ್ದು. ಬೆರಳ ಸಂದಿ ಕೆಂಪಾಗಿದೆ. ಕಾಲಿನ ಬಿಳಿ ಕೂದಲು ತುಕ್ಕಿನ ಬಣ್ಣಕ್ಕೆ ತಿರುಗಿದೆ. ಹುಳಿ ಹಿಡಿದ ಹಿಟ್ಟಿನ ಥರ ವಾಸನೆ. ನಿನ್ನೆ ಕಾಲು ಹಿಡಿದಾಗ ನನ್ನ ಮೇಲೆ ಗುರ್ ಅಂದ. ಮೂರು ವರ್ಷದಲ್ಲಿ ಇದೇ ಮೊದಲು. ರಾತ್ರಿ ಅತ್ತುಬಿಟ್ಟೆ.

ಚೊಕ್ಕ ಇಡಲು ಹೋಗಿ ನಾನೇ ಕೆಡಿಸಿದೆನಾ?

ನವನಗರ_ಸೆಕ್ಟರ್ · 9:52

ಅಕ್ಕಾ, ಮೊದಲು ಆ ಆ್ಯಂಟಿಸೆಪ್ಟಿಕ್ ನಿಲ್ಲಿಸಿ. ಇವತ್ತೇ. ಅವನು ಕಾಲು ನೆಕ್ಕಿದಾಗ ಅದೆಲ್ಲ ಹೊಟ್ಟೆಗೆ ಹೋಗುತ್ತದೆ.

ಇಳಕಲ್_ಸೆರಗು · 9:58

ಬೇವಿನ ಎಲೆ ಕುದಿಸಿದ ನೀರಲ್ಲಿ ತೊಳೆಯಿರಿ. ಮೇಲೆ ಅರಿಶಿನ, ಕೊಬ್ಬರಿ ಎಣ್ಣೆ. ನಮ್ಮ ತವರಿನಲ್ಲಿ ದನಕ್ಕೂ ಅದೇ, ನಾಯಿಗೂ ಅದೇ.

ಮುಧೋಳ_ಹೊಲ · 10:15

ತಂಗಿ, ಬೇಜಾರಾಗಬೇಡ. ಆದರೆ ಒಂದು ಮಾತು ಕೇಳುತ್ತೇನೆ. ನಾಯಿ ಕಾಲು ತೊಳೆಯಲೇಬೇಕಾ?

ನಮ್ಮ ಅಜ್ಜನ ಕಾಲದಿಂದ ಮನೆಯಲ್ಲಿ ಮುಧೋಳ ನಾಯಿಗಳಿವೆ. ಈಗಲೂ ಎರಡು ಹೆಣ್ಣಿವೆ. ಬೆಳಗಾದರೆ ಹೊಲ, ಕತ್ತಲಾದರೆ ಮನೆ. ಕಾಲುವೆ, ಕಬ್ಬಿನ ಗದ್ದೆ, ಎರೆ ಮಣ್ಣು ಎಲ್ಲ ತುಳಿಯುತ್ತವೆ. ಯಾರೂ ಕಾಲು ತೊಳೆದಿಲ್ಲ. ಮಣ್ಣು ಒಣಗಿದರೆ ತಾನೇ ಉದುರುತ್ತದೆ. ಹಿತ್ತಲಿನಲ್ಲಿ ಒಂದು ತಾಸು ಕಟ್ಟಿ ಹಾಕು, ಒಣಗಲಿ, ಆಮೇಲೆ ಒರಟು ಬಟ್ಟೆಯಿಂದ ಜಾಡಿಸಿ ಒಳಗೆ ಬಿಡು. ಸೋಪು, ಬಿಸಿನೀರು, ಔಷಧಿ, ಇದೆಲ್ಲ ಮನುಷ್ಯರ ಚಟ.

ನವನಗರ_ಸೆಕ್ಟರ್ · 10:21

ಕಾಕಾ, ನಿಮ್ಮ ನಾಯಿ ಇಡೀ ದಿನ ಓಡುತ್ತವೆ. ಅಕ್ಕನ ನಾಯಿ ತಿರುಗಾಡುವುದು ಒಂದು ತಾಸು, ಉಳಿದ 23 ತಾಸು ಫರಸಿ ಮೇಲೆ. ಎರಡೂ ಒಂದೇ ಆಗುತ್ತದಾ?

ಕ್ಯಾಂಪ್_ಬೆಳಗಾವಿ · 10:47

ಮುಧೋಳದವರ ಮಾತಿನಲ್ಲಿ ಅರ್ಧ ನಿಜವಿದೆ, ಅರ್ಧ ಇಲ್ಲ. ಎರೆ ಮಣ್ಣು ಕಾಲಿನ ಮೇಲ್ಭಾಗದಿಂದ ಉದುರುತ್ತದೆ, ಒಪ್ಪುತ್ತೇನೆ. ಆದರೆ ಅಂಗಾಲಿನ ಮೆತ್ತೆಗಳ ನಡುವೆ ಸಿಕ್ಕಿದ್ದು ಉದುರಲ್ಲ. ಒಣಗಿ ಕಲ್ಲಾಗುತ್ತದೆ. ನಾವು ಶೂ ಒಳಗೆ ಹರಳು ಇಟ್ಟುಕೊಂಡು ನಡೆದ ಹಾಗೆ. ನಾಯಿ ಅದನ್ನು ಹಲ್ಲಿನಿಂದ ಕಿತ್ತುಕೊಳ್ಳಲು ಹೋಗಿ ಚರ್ಮ ಕಿತ್ತುಕೊಳ್ಳುತ್ತದೆ.

ಇನ್ನು ನಮ್ಮ ಬೆಳಗಾವಿಯಲ್ಲಿ ಒಣಗಲಿ ಬಿಡಿ ಅಂದರೆ ಜೂನ್‌ನಲ್ಲಿ ಕಟ್ಟಿದ ನಾಯಿಯನ್ನು ಸೆಪ್ಟೆಂಬರ್‌ನಲ್ಲಿ ಬಿಚ್ಚಬೇಕು. ಬಟ್ಟೆಯೇ ಮೂರು ದಿನ ಒಣಗಲ್ಲ.

ತಂಗಿ, ನಿಮ್ಮ ತಪ್ಪು ತೊಳೆಯುವುದರಲ್ಲಿಲ್ಲ, ಒರೆಸುವುದರಲ್ಲಿದೆ ಅಂತ ನನಗನಿಸುತ್ತದೆ. "ಒಂದು ಸಲ ಒರೆಸಿ" ಅಂತ ಬರೆದಿದ್ದೀರಿ. ಅಲ್ಲೇ ಇರುವುದು ಸಮಸ್ಯೆ. ನಮ್ಮ ಮೊದಲ ನಾಯಿ ಸ್ಪೇನಿಯಲ್. ಕಾಲ ತುಂಬ ಕೂದಲು. ವ್ಯಾಕ್ಸಿನ್ ಡಿಪೋ ಮೈದಾನದ ಕಡೆ ತಿರುಗಾಡಿಸಿಕೊಂಡು ಬಂದು ದಿನಾ ತೊಳೆಯುತ್ತಿದ್ದೆ, ಮೇಲೆ ಮೇಲೆ ಒರೆಸುತ್ತಿದ್ದೆ. ಎರಡನೇ ಮಳೆಗಾಲಕ್ಕೆ ನೀವು ಹೇಳಿದ್ದೇ ಆಯಿತು. ಅದೇ ಕೆಂಪು, ಅದೇ ಹುಳಿ ವಾಸನೆ. ಆಗ ಡಾಕ್ಟರು ನನ್ನ ಬೆರಳು ಹಿಡಿದು ನಾಯಿಯ ಬೆರಳ ಸಂದಿಯೊಳಗೆ ಇಟ್ಟು "ಇಲ್ಲಿ ಒದ್ದೆ ಇದೆಯಾ ನೋಡಿ" ಅಂದರು. ಟವೆಲ್‌ನಿಂದ ಒರೆಸಿದ ಮೇಲೂ ಒದ್ದೆ ಇತ್ತು. ಅವತ್ತಿನಿಂದ ತೊಳೆಯಲು ಎರಡು ನಿಮಿಷ, ಒರೆಸಲು ಐದು ನಿಮಿಷ. ಹಳೆ ಧೋತರದ ತುಂಡು ಬೆರಳಿಗೆ ಸುತ್ತಿಕೊಂಡು ಪ್ರತಿ ಸಂದಿಗೂ ಹೋಗುತ್ತೇನೆ. ಟರ್ಕಿ ಟವೆಲ್ ದಪ್ಪ, ಸಂದಿಯೊಳಗೆ ಇಳಿಯಲ್ಲ. ತೆಳು ಹತ್ತಿ ಬಟ್ಟೆಯೇ ಬೇಕು.

ಮೂರು_ಬೆಕ್ಕು · 10:50

ಹೇರ್ ಡ್ರೈಯರ್ ಹಿಡಿದರೆ?

ಕ್ಯಾಂಪ್_ಬೆಳಗಾವಿ · 10:55

ತಣ್ಣನೆ ಗಾಳಿಯಲ್ಲಿ ಇಟ್ಟರೆ ಪರವಾಗಿಲ್ಲ. ಬಿಸಿ ಬೇಡ, ಚರ್ಮ ಸುಡುತ್ತದೆ. ಸದ್ದಿಗೆ ಹೆದರುವ ನಾಯಿಗೆ ಅದೂ ಬೇಡ.

ಪಶುವೈದ್ಯ_ಬಾಗಲಕೋಟೆ · 11:20

ದಿನವಿಡೀ ಕೆಲಸದಲ್ಲಿದ್ದೆ, ಈಗ ನೋಡಿದೆ. ನೋಡದೆ ರೋಗ ಹೇಳುವುದು ಸರಿಯಲ್ಲ. ಆದರೂ ಕೆಲವು ಮಾತು.

ಆ ಬೆಳ್ಳಗಾಗುವ ದ್ರಾವಣದಲ್ಲಿ ಸಾಮಾನ್ಯವಾಗಿ ಕ್ಲೋರೋಕ್ಸಿಲೆನಾಲ್ ಇರುತ್ತದೆ. ಅದು ನಾಯಿಯ ಚರ್ಮವನ್ನು ಉರಿಸುತ್ತದೆ, ನೆಕ್ಕಿದರೆ ಬಾಯಿ ಹೊಟ್ಟೆಗೂ ಕೆಟ್ಟದ್ದು. ಬೆಕ್ಕಿಗಂತೂ ಇನ್ನೂ ಅಪಾಯ. ನೆಲ ಒರೆಸುವ ಫಿನೈಲ್ ಕೂಡ ಹಾಗೇ. ಫಿನೈಲ್ ಹಾಕಿ ಒರೆಸಿದ ನೆಲ ಪೂರ್ತಿ ಒಣಗುವವರೆಗೆ ನಾಯಿಯನ್ನು ಬಿಡಬೇಡಿ. ಕಾಲಿಗೆ ಅಂಟುತ್ತದೆ, ಅಲ್ಲಿಂದ ನಾಲಿಗೆಗೆ.

ಮನುಷ್ಯರ ಸೋಪು ಯಾಕೆ ಬೇಡ ಅಂದರೆ, ನಮ್ಮ ಚರ್ಮ ಸ್ವಲ್ಪ ಆಮ್ಲೀಯ, ಪಿಎಚ್ ಸುಮಾರು 5.5. ನಾಯಿಯದು 7ರ ಆಸುಪಾಸು ಇಲ್ಲವೇ ಅದಕ್ಕೂ ಮೇಲೆ. ಅದರ ಚರ್ಮದ ಮೇಲ್ಪದರ ನಮ್ಮದಕ್ಕಿಂತ ತೆಳು. ದಿನಾ ಸೋಪು ಹಾಕಿದರೆ ಜಿಡ್ಡೆಲ್ಲ ಹೋಗಿ ಚರ್ಮ ಬಿರಿಯುತ್ತದೆ. ಬರೀ ಮಣ್ಣಿಗೆ ಉಗುರುಬೆಚ್ಚಗಿನ ನೀರು ಸಾಕು.

ತುಕ್ಕಿನ ಬಣ್ಣದ ಕಾರಣ ಎಂಜಲು. ಎಂಜಲಿನಲ್ಲಿರುವ ಪಾರ್ಫಿರಿನ್ ಬಿಳಿ ಕೂದಲಿಗೆ ಆ ಬಣ್ಣ ಕೊಡುತ್ತದೆ. ಅಂದರೆ ಅವನು ಎಷ್ಟೋ ದಿನದಿಂದ ನೆಕ್ಕುತ್ತಿದ್ದಾನೆ. ಹುಳಿ ವಾಸನೆ ಇದ್ದರೆ ಮಲಸೀಜಿಯಾ ಅನ್ನುವ ಯೀಸ್ಟ್ ಇರಬಹುದು. ಅದು ನಾಯಿ ಮೈಮೇಲೆ ಯಾವಾಗಲೂ ಸ್ವಲ್ಪ ಇರುತ್ತದೆ, ಬೆಚ್ಚಗೆ ಒದ್ದೆ ಸಿಕ್ಕರೆ ಹೆಚ್ಚುತ್ತದೆ. ನಾಯಿಗೆ ಬೆವರುವ ಗ್ರಂಥಿ ಹೆಚ್ಚಾಗಿ ಇರುವುದೇ ಪಾದದಲ್ಲಿ, ಹಾಗಾಗಿ ಸಂದಿ ಮೊದಲೇ ತೇವ. ಬೆಳಗಾವಿಯವರು ಹೇಳಿದ್ದು ಸರಿ, ಒರೆಸುವುದೇ ದೊಡ್ಡ ಕೆಲಸ.

ನನ್ನ ಮುಖ್ಯ ಪ್ರಶ್ನೆ: ನಾಲ್ಕೂ ಕಾಲು ಒಂದೇ ಸಮ ನೆಕ್ಕುತ್ತಾನೆಯೇ, ಒಂದು ಕಾಲು ಜಾಸ್ತಿಯೇ? ನಾಲ್ಕೂ ಆದರೆ ಯೀಸ್ಟ್, ಅಲರ್ಜಿ ಇಂಥದ್ದು. ಒಂದೇ ಕಾಲಾದರೆ ಅಲ್ಲಿ ಮುಳ್ಳೋ, ಉಣ್ಣಿಯೋ, ಗಾಯವೋ ಇರುತ್ತದೆ. ನೋಡಿ ಹೇಳಿ.

ಇಳಕಲ್_ಸೆರಗು · 11:31

ಡಾಕ್ಟರೇ, ಹಾಗಾದರೆ ಬೇವು, ಅರಿಶಿನ ತಪ್ಪಾ?

ಪಶುವೈದ್ಯ_ಬಾಗಲಕೋಟೆ · 11:38

ತಣಿಸಿ ಸೋಸಿದ ಬೇವಿನ ಎಲೆ ನೀರಿನಲ್ಲಿ ಒಮ್ಮೆ ತೊಳೆದರೆ ಅಂಥ ಅಪಾಯವಿಲ್ಲ. ಬೇವಿನ ಎಣ್ಣೆ ನೇರವಾಗಿ ಹಚ್ಚಬೇಡಿ, ನೆಕ್ಕಿದರೆ ವಾಂತಿ ಆಗುತ್ತದೆ. ಯೀಸ್ಟ್ ಇರುವ ಸಂದಿಗೆ ಕೊಬ್ಬರಿ ಎಣ್ಣೆ ಹಚ್ಚಿದರೆ ತೇವ ಒಳಗೇ ಉಳಿಯುತ್ತದೆ, ಈಗ ಬೇಡ. ಅರಿಶಿನಕ್ಕೆ ಸುಣ್ಣ ಕಲಸಿ ಹಚ್ಚುವವರಿದ್ದಾರೆ. ಅದನ್ನು ಮಾತ್ರ ಯಾವತ್ತೂ ಮಾಡಬೇಡಿ. ಸುಣ್ಣ ಸುಡುತ್ತದೆ.

ಎರೆಮಣ್ಣು_ವಿಜಯಪುರ · ಸೋಮವಾರ ಬೆಳಿಗ್ಗೆ 7:05

ಎಲ್ಲರಿಗೂ ತುಂಬ ಥ್ಯಾಂಕ್ಸ್. ರಾತ್ರಿ ಎದ್ದೆದ್ದು ನೋಡಿದೆ ಸರ್. ನಾಲ್ಕೂ ನೆಕ್ಕುತ್ತಾನೆ. ಆದರೆ ಮುಂದಿನ ಎಡಗಾಲನ್ನು ಹೆಚ್ಚು. ಅದನ್ನೇ ಹಲ್ಲಿನಿಂದ ಕಚ್ಚುತ್ತಾನೆ ಕೂಡ. ನಡೆಯುವಾಗ ಕುಂಟುವುದಿಲ್ಲ. ಹಿಡಿಯಲು ಹೋದರೆ ಎಳೆದುಕೊಳ್ಳುತ್ತಾನೆ. ಗದರಿಸಿ ಹಿಡಿಯಲೇ?

ನವನಗರ_ಸೆಕ್ಟರ್ · 7:30

ಬೇಡ ಅಕ್ಕಾ, ದಯವಿಟ್ಟು ಗದರಬೇಡಿ. ಗುರ್ ಅಂದಿದ್ದು ನೋವಿನ ಮಾತು. ಅದನ್ನು ಹೆದರಿಸಿ ನಿಲ್ಲಿಸಿದರೆ ಮುಂದೆ ಗುರ್ ಅನ್ನದೆ ನೇರ ಬಾಯಿ ಹಾಕುತ್ತದೆ. ನಮ್ಮ ಲ್ಯಾಬ್ರಡಾರ್ ವಿಷಯದಲ್ಲಿ ನಾನು ಇದನ್ನು ಕಲಿತಿದ್ದು ಕೈಗೆ ನಾಲ್ಕು ಹೊಲಿಗೆ ಬಿದ್ದ ಮೇಲೆ.

ನಾನು ಆಮೇಲೆ ಮಾಡಿದ್ದು ಹೇಳುತ್ತೇನೆ. ನೀರು, ಬಟ್ಟೆ ಏನೂ ಇಲ್ಲದ ಹೊತ್ತಿನಲ್ಲಿ ಪಕ್ಕದಲ್ಲಿ ಕುಳಿತು ಭುಜ ಮುಟ್ಟುವುದು, ಬೇಯಿಸಿದ ಮೊಟ್ಟೆಯ ಚೂರು ಕೊಡುವುದು. ಅಷ್ಟೇ. ಎರಡು ದಿನ. ಆಮೇಲೆ ಮೊಣಕಾಲಿನವರೆಗೆ ಕೈ ಇಳಿಸುವುದು, ಚೂರು ಕೊಡುವುದು. ಆಮೇಲೆ ಪಾದ. ಆಮೇಲೆ ಒಂದು ಕ್ಷಣ ಎತ್ತಿ ಬಿಡುವುದು. ಅವನು ಎಳೆದುಕೊಳ್ಳುವ ಮೊದಲೇ ನೀವೇ ಬಿಡಬೇಕು, ಇದೇ ಮುಖ್ಯ. ಬಿಡುತ್ತಾರೆ ಅಂತ ಗೊತ್ತಾದರೆ ಅವನೂ ಕೊಡುತ್ತಾನೆ. ನಮಗೆ ಮೂರು ವಾರ ಹಿಡಿಯಿತು. ಈಗ ಬಾಗಿಲಿಗೆ ಬಂದ ತಕ್ಷಣ ತಾನೇ ಬಲಗಾಲು ಎತ್ತಿ ನಿಲ್ಲುತ್ತದೆ.

ಇನ್ನೊಂದು. ಕಾಲನ್ನು ಹೊರಗೆ ಪಕ್ಕಕ್ಕೆ ಎಳೆಯಬೇಡಿ. ಅದು ಮಡಚುವ ದಿಕ್ಕಿನಲ್ಲೇ, ಹೊಟ್ಟೆಯ ಕೆಳಗೇ ಎತ್ತಿ. ಪಕ್ಕಕ್ಕೆ ಎಳೆದರೆ ಕೀಲು ನೋಯುತ್ತದೆ.

ಪಶುವೈದ್ಯ_ಬಾಗಲಕೋಟೆ · 7:44

ಮೇಲಿನದು ಒಳ್ಳೆಯ ಸಲಹೆ, ಆದರೆ ಅದು ನೋವು ಹೋದ ಮೇಲೆ ಮಾಡುವ ಕೆಲಸ. ಈಗ ಆ ಎಡಗಾಲನ್ನು ಮನೆಯಲ್ಲಿ ಕೆದಕಬೇಡಿ. ಒಂದೆರಡು ದಿನದಲ್ಲಿ ಹತ್ತಿರದ ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಲ್ಲಿಯವರೆಗೆ ಅರ್ಧ ಲೀಟರ್ ಕುದಿಸಿ ತಣಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು ಹಾಕಿ. ಅದರಲ್ಲಿ ಕಾಲು ಎರಡು ನಿಮಿಷ ಅದ್ದಿ, ಪೂರ್ತಿ ಒಣಗಿಸಿ. ಉಪ್ಪು ನೀರು ಕುಡಿಯಲು ಬಿಡಬೇಡಿ.

ಕ್ಯಾಂಪ್_ಬೆಳಗಾವಿ · 8:10

ಅದ್ದಲು ಟಬ್ ಬೇಡ. ಉದ್ದನೆಯ ಉಪ್ಪಿನಕಾಯಿ ಡಬ್ಬಿ ತೊಳೆದು ಇಟ್ಟುಕೊಳ್ಳಿ. ಒಂದು ಕಾಲು ಇಳಿಯುವಷ್ಟು ಅಗಲ ಇರಬೇಕು. ನೀರೂ ಕಡಿಮೆ ಸಾಕು, ಚೆಲ್ಲುವುದೂ ಇಲ್ಲ. ಬಾಗಿಲ ಹೊರಗೆ ಒಂದು ಗೋಣಿ ತಟ್ಟು ಹಾಸಿ. ಅದರ ಮೇಲೆ ನಾಲ್ಕು ಹೆಜ್ಜೆ ನಡೆಸಿದರೆ ಅರ್ಧ ಮಣ್ಣು ಅಲ್ಲೇ ಹೋಗುತ್ತದೆ.

ಮುಧೋಳ_ಹೊಲ · 8:35

ಉಪ್ಪಿನಕಾಯಿ ಡಬ್ಬಿಯಲ್ಲಿ ಕಾಲು, ಧೋತರದಲ್ಲಿ ಬೆರಳು! ನಮ್ಮ ಮುಧೋಳ ನಾಯಿ ಇಷ್ಟು ಮೆತ್ತಗಿನ ಜಾತಿ ಅಲ್ಲ ಸ್ವಾಮಿ. 2005ರಲ್ಲಿ ಅಂಚೆ ಇಲಾಖೆ ನಾಲ್ಕು ದೇಶಿ ತಳಿಗಳ ಚೀಟಿ ತಂದಾಗ ಅದರಲ್ಲಿ ಒಂದು ನಮ್ಮದು. ಮೀರತ್‌ನ ಸೈನ್ಯ ಕೇಂದ್ರದವರು ಇವನ್ನು ಒಯ್ದು ತರಬೇತಿ ಕೊಟ್ಟರು. ಅದು ಓಡಲು ಹುಟ್ಟಿದ ನಾಯಿ. ಕಲ್ಲು ಮುಳ್ಳು ತುಳಿದೇ ಅದರ ಕಾಲು ಗಟ್ಟಿಯಾಗುವುದು.

ಪಶುವೈದ್ಯ_ಬಾಗಲಕೋಟೆ · 9:02

ಅಂಗಾಲು ಗಟ್ಟಿಯಾಗುತ್ತದೆ ಕಾಕಾ, ಬೆರಳ ಸಂದಿ ಗಟ್ಟಿಯಾಗುವುದಿಲ್ಲ. ಮುಧೋಳ ನಾಯಿಯ ಬೆರಳು ಉದ್ದ, ಮೈ ಚರ್ಮ ತೆಳು, ಕೂದಲು ಗಿಡ್ಡ. ಮೊಲದ ಹಿಂದೆ ಓಡುವಾಗ ಸಂದಿಯೇ ಮೊದಲು ಕೊಯ್ದುಕೊಳ್ಳುವುದು. ನಿಮ್ಮ ಕಬ್ಬಿನ ಹೊಲದಲ್ಲಿ ರವದಿ (ಒಣ ಎಲೆ) ಅಂಚು ಎಷ್ಟು ಹರಿತ ಅಂತ ನಿಮಗೇ ಗೊತ್ತು. ಜೋಳ ಕೊಯ್ದ ಮೇಲಿನ ಕೂಳೆ ಇನ್ನೂ ಕೆಟ್ಟದ್ದು.

ಕಬ್ಬಿನ ಹೊಲ ಅಂದಾಗ ನೆನಪಾಯಿತು. ಅಲ್ಲಿ ಇಲಿ ಜಾಸ್ತಿ. ಇಲಿ ಮೂತ್ರ ಸೇರಿದ ನಿಂತ ನೀರಿನಿಂದ ಲೆಪ್ಟೊಸ್ಪೈರೋಸಿಸ್ ಬರುತ್ತದೆ. ಕಾಲಲ್ಲಿ ಗಾಯ ಇದ್ದರೆ ದಾರಿ ಸುಲಭ. ಮನುಷ್ಯರಿಗೂ ಬರುತ್ತದೆ. ವರ್ಷಕ್ಕೊಮ್ಮೆ ಲಸಿಕೆ ಹಾಕಿಸಿ. ನಾಯಿ ಕಾಲು ತೊಳೆದ ಮೇಲೆ ನಿಮ್ಮ ಕೈಯನ್ನೂ ಸೋಪು ಹಚ್ಚಿ ತೊಳೆದುಕೊಳ್ಳಿ.

ದ್ರಾಕ್ಷಿತೋಟ_ತಿಕೋಟಾ · 1:15

ನಾನೂ ಒಂದು ಸೇರಿಸುತ್ತೇನೆ. ನಮ್ಮ ಕಡೆ ದ್ರಾಕ್ಷಿಗೆ ಮೈಲುತುತ್ತ ಸುಣ್ಣದ ದ್ರಾವಣ ಹೊಡೆಯುತ್ತೇವೆ. ಹೊಡೆದ ದಿನ ನಾಯಿ ಸಾಲಿನೊಳಗೆ ಓಡಾಡಿದರೆ ಕಾಲೆಲ್ಲ ನೀಲಿ. ಅದನ್ನು ನೆಕ್ಕಿದರೆ ಬರುವುದು ವಾಂತಿ, ಭೇದಿ. ಔಷಧಿ ಹೊಡೆದ ತೋಟದಿಂದ ಬಂದ ನಾಯಿಗೆ ಒಣಗಲಿ ಅಂತ ಕಾಯಬೇಡಿ. ತಕ್ಷಣ ಧಾರಾಳ ನೀರಿನಲ್ಲಿ ತೊಳೆಯಿರಿ. ಮುಧೋಳದ ಕಾಕಾ, ಕಬ್ಬಿಗೆ ಕಳೆನಾಶಕ ಹೊಡೆದಾಗಲೂ ಹಾಗೇ ಅಲ್ವಾ?

ಕಾಲಿನ ವಿಷಯ ಅಲ್ಲ, ಆದರೂ ಹೇಳಲೇಬೇಕು. ದ್ರಾಕ್ಷಿ ಮತ್ತು ಒಣದ್ರಾಕ್ಷಿ ನಾಯಿಗೆ ವಿಷ. ಮೂತ್ರಪಿಂಡ ಹೋಗುತ್ತದೆ. ನಮ್ಮ ಒಣದ್ರಾಕ್ಷಿ ಶೆಡ್‌ನಲ್ಲಿ ಮರಿ ನಾಯಿ ಒಂದು ಹಿಡಿ ತಿಂದು ಎರಡೇ ದಿನಕ್ಕೆ ಮೂತ್ರ ಕಟ್ಟಿ ಸತ್ತಿತು. ನಮಗೆ ಗೊತ್ತೇ ಇರಲಿಲ್ಲ. ಇಡೀ ಜಿಲ್ಲೆಯಲ್ಲಿ ದ್ರಾಕ್ಷಿ ಬೆಳೆಯುತ್ತೇವೆ, ಇದನ್ನು ಮಾತ್ರ ನಮಗೆ ಯಾರೂ ಹೇಳಿರಲಿಲ್ಲ.

ಮೂರು_ಬೆಕ್ಕು · 1:22

ಅಯ್ಯೋ. ನಾವು ಪಾಯಸದ ಒಣದ್ರಾಕ್ಷಿ ಎತ್ತಿ ಪಕ್ಕದ ಮನೆ ನಾಯಿಗೆ ಹಾಕುತ್ತಿದ್ದೆವು. ಇನ್ನು ಮುಂದೆ ಇಲ್ಲ.

ಮುಧೋಳ_ಹೊಲ · 1:40

ಕಳೆನಾಶಕ ಹೊಡೆದ ದಿನ ನಾನು ಅವನ್ನು ಹೊಲಕ್ಕೇ ಬಿಡಲ್ಲ. ಆದರೆ ಅದು ಬೇರೆ ಮಾತು, ಮಣ್ಣು ಬೇರೆ ಮಾತು.

ಬೀದಿನಾಯಿ_ಗೆಳತಿ · 4:30

ಡಾಂಬರು ಮೆತ್ತಿದರೆ ಏನು ಮಾಡಬೇಕು ಅಂತ ನನ್ನನ್ನು ತುಂಬ ಜನ ಕೇಳುತ್ತಾರೆ, ಇಲ್ಲೇ ಬರೆದುಬಿಡುತ್ತೇನೆ. ಹೋದ ವರ್ಷ ನಮ್ಮ ಓಣಿಯಲ್ಲಿ ರಸ್ತೆ ಕೆಲಸ ನಡೆದಾಗ ಒಂದು ಬೀದಿ ಮರಿ ಬಿಸಿ ಡಾಂಬರು ತುಳಿಯಿತು. ಎಲ್ಲರೂ ಸೀಮೆಎಣ್ಣೆ, ಪೆಟ್ರೋಲ್, ಟರ್ಪೆಂಟೈನ್ ಅಂದರು. ಅದ್ಯಾವುದೂ ಬೇಡ. ಚರ್ಮ ಸುಡುತ್ತದೆ, ನೆಕ್ಕಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಮೊದಲು ಹದಿನೈದು ನಿಮಿಷ ತಣ್ಣೀರು ಸುರಿದೆವು. ಐಸ್ ಅಲ್ಲ, ನಲ್ಲಿ ನೀರು. ಸುಟ್ಟ ಜಾಗ ತಣ್ಣಗಾದ ಮೇಲೆ ಡಾಕ್ಟರಿಗೆ ತೋರಿಸಿ, ಅವರು ಹೇಳಿದಂತೆ ಶೇಂಗಾ ಎಣ್ಣೆ ಹಚ್ಚಿ ಇಪ್ಪತ್ತು ನಿಮಿಷ ಬಿಟ್ಟು, ಬಟ್ಟೆಯಿಂದ ಮೆಲ್ಲಗೆ ಒರೆಸಿದೆವು. ಒಂದೇ ಸಲಕ್ಕೆ ಬರಲ್ಲ. ಮೂರು ದಿನ ಹಿಡಿಯಿತು. ಅಂಟಿದ ಕೂದಲು ಎಳೆಯಬೇಡಿ. ಬಾರದಿದ್ದರೆ ಕತ್ತರಿಸಿ.

ಬೀದಿ ನಾಯಿಯ ಕಾಲು ಹಿಡಿಯುವಾಗ ನೋವಿಗೆ ಅದು ಕಚ್ಚಬಹುದು. ಹಲ್ಲು ತಾಗಿದರೆ, ಗೀರಿದರೆ ಕೂಡ, ಹದಿನೈದು ನಿಮಿಷ ಹರಿಯುವ ನೀರು ಮತ್ತು ಸೋಪಿನಲ್ಲಿ ತೊಳೆದು ಅವತ್ತೇ ರೇಬಿಸ್ ಲಸಿಕೆಗೆ ಹೋಗಿ. ನಾಳೆ ನೋಡೋಣ ಅನ್ನಬೇಡಿ.

ನವನಗರ_ಸೆಕ್ಟರ್ · 5:05

ಬಿಸಿ ಅಂದರೆ ಬೇಸಿಗೆ ಮಾತೂ ಬರಲಿ. ನಮ್ಮ ಕಡೆ ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುತ್ತದೆ. ಡಾಂಬರು ಅದಕ್ಕಿಂತ ಎಷ್ಟೋ ಜಾಸ್ತಿ ಕಾದಿರುತ್ತದೆ. ಅಂಗೈ ಹಿಂಭಾಗವನ್ನು ರಸ್ತೆಗೆ ಇಟ್ಟು ಏಳರವರೆಗೆ ಎಣಿಸಿ. ಇಡಲಾಗದಿದ್ದರೆ ನಾಯಿಗೂ ಆಗಲ್ಲ. ನಾನು ಬೆಳಿಗ್ಗೆ ಏಳರೊಳಗೆ ವಾಕಿಂಗ್ ಮುಗಿಸುತ್ತೇನೆ. ಸಂಜೆ ಸೂರ್ಯ ಮುಳುಗಿದ ತಕ್ಷಣ ಹೊರಡಬೇಡಿ, ರಸ್ತೆ ಆಗಲೂ ಬಿಸಿ.

ಮೂರು_ಬೆಕ್ಕು · 5:09

ನಾಯಿಗೆ ಬೂಟು ಬರುತ್ತವಲ್ಲ?

ಮುಧೋಳ_ಹೊಲ · 5:15

ಬೂಟು ಬೇರೆ!

ಕ್ಯಾಂಪ್_ಬೆಳಗಾವಿ · 5:26

ಗಾಯ ಇದ್ದಾಗ ಬ್ಯಾಂಡೇಜ್ ಮೇಲೆ ಹಾಕಲು ಬೂಟು ಒಳ್ಳೆಯದು. ದಿನಾ ಹಾಕಿದರೆ ಒಳಗೆ ಬೆವರು ನಿಲ್ಲುತ್ತದೆ, ಮತ್ತೆ ಅದೇ ಒದ್ದೆ. ಮನೆಗೆ ಬಂದ ತಕ್ಷಣ ಬಿಚ್ಚಬೇಕು.

ಎಲ್ಲರೂ ಮರೆತ ಇನ್ನೊಂದು ವಿಷಯ ಉಗುರು. ಹೊಲದ ನಾಯಿಯ ಉಗುರು ಸವೆಯುತ್ತದೆ. ಮನೆ ನಾಯಿಯದು ಸವೆಯುವುದಿಲ್ಲ. ಫರಸಿ ಮೇಲೆ ನಡೆಯುವಾಗ ಟಕ್ ಟಕ್ ಅಂತ ಕೇಳಿದರೆ ಉದ್ದವಾಗಿದೆ ಅಂತ ಅರ್ಥ. ಉದ್ದ ಉಗುರು ಬೆರಳನ್ನು ಹಿಂದಕ್ಕೆ ತಳ್ಳುತ್ತದೆ, ನಡಿಗೆಯೇ ಕೆಡುತ್ತದೆ. ಮುಂಗಾಲಿನ ಒಳಬದಿಯಲ್ಲಿ ಮೇಲಿರುವ ಹೆಬ್ಬೆರಳಿನ ಉಗುರನ್ನು ಮರೆಯಬೇಡಿ. ಅದು ನೆಲಕ್ಕೆ ತಾಗಲ್ಲ, ಸವೆಯಲ್ಲ, ಸುರುಳಿಯಾಗಿ ಮಾಂಸಕ್ಕೇ ಚುಚ್ಚುತ್ತದೆ.

ಇಳಕಲ್_ಸೆರಗು · 5:40

ನಮ್ಮದಕ್ಕೆ ಕಪ್ಪು ಉಗುರು. ಎಲ್ಲಿಯವರೆಗೆ ಕತ್ತರಿಸಬೇಕು ಅಂತಲೇ ಗೊತ್ತಾಗಲ್ಲ. ಒಮ್ಮೆ ರಕ್ತ ಬಂದು ನಾನು ಹೆದರಿ ಕೈಬಿಟ್ಟೆ.

ಕ್ಯಾಂಪ್_ಬೆಳಗಾವಿ · 5:52

ಬಿಳಿ ಉಗುರಿನಲ್ಲಿ ಗುಲಾಬಿ ಬಣ್ಣದ ಜೀವದ ಭಾಗ ಕಾಣುತ್ತದೆ. ಕಪ್ಪಿನಲ್ಲಿ ಕಾಣಲ್ಲ. ಹಾಗಾಗಿ ಒಂದೊಂದು ಮಿಲಿಮೀಟರ್ ಮಾತ್ರ ಕತ್ತರಿಸುತ್ತಾ ಕೊಯ್ದ ಮುಖ ನೋಡಿ. ಮೊದಲು ಒಣ ಪುಡಿಯಂತೆ ಬೆಳ್ಳಗಿರುತ್ತದೆ. ನಡುವೆ ಕಪ್ಪು ಚುಕ್ಕಿ ಕಂಡ ತಕ್ಷಣ ನಿಲ್ಲಿಸಿ. ರಕ್ತ ಬಂದರೆ ಕಾರ್ನ್ ಫ್ಲೋರ್ ಇಲ್ಲವೇ ಕ್ಷೌರದಂಗಡಿಯ ತುರಟಿ (ಪಟಿಕ) ಪುಡಿ ಒತ್ತಿ ಹಿಡಿಯಿರಿ, ಐದು ನಿಮಿಷ. ಹತ್ತು ಹದಿನೈದು ನಿಮಿಷವಾದರೂ ನಿಲ್ಲದಿದ್ದರೆ ಡಾಕ್ಟರ್. ಎಲ್ಲ ಉಗುರು ಒಂದೇ ದಿನ ಆಗಬೇಕಿಲ್ಲ ಅಕ್ಕಾ. ದಿನಕ್ಕೆ ಎರಡು ಸಾಕು.

ಎರೆಮಣ್ಣು_ವಿಜಯಪುರ · ಬುಧವಾರ ರಾತ್ರಿ 8:50

ಇವತ್ತು ಆಸ್ಪತ್ರೆಗೆ ಹೋಗಿ ಬಂದೆವು.

ಮುಂದಿನ ಎಡಗಾಲಿನ ನಡುವಿನ ಎರಡು ಬೆರಳ ಸಂದಿಯಲ್ಲಿ ಜಾಲಿ ಮುಳ್ಳಿನ ತುದಿ ಮುರಿದು ಕೂತಿತ್ತು. ಅಕ್ಕಿಕಾಳಿನಷ್ಟು. ಸುತ್ತ ಬಾವು ಬಂದು ಮುಚ್ಚಿಕೊಂಡಿತ್ತು, ಹಾಗಾಗಿ ಕಣ್ಣಿಗೆ ಬೀಳಲಿಲ್ಲ. ಡಾಕ್ಟರು ಜಾಗ ಮರಗಟ್ಟಿಸಿ ತೆಗೆದರು. ಉಳಿದ ಮೂರು ಕಾಲಿನಲ್ಲಿ ಗಾಜಿನ ಪಟ್ಟಿ ಒತ್ತಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಯೀಸ್ಟ್ ಅಂದರು. ಕ್ಲೋರ್‌ಹೆಕ್ಸಿಡಿನ್ ಇರುವ ಶಾಂಪೂ ಕೊಟ್ಟಿದ್ದಾರೆ. ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೆಯಬೇಕಂತೆ, ವಾರಕ್ಕೆ ಎರಡು ಸಲ. ಉಳಿದ ದಿನ ಬರೀ ನೀರು. ನೆಕ್ಕದಂತೆ ಕೊರಳಿಗೆ ಕೋನ್ ಹಾಕಿದ್ದಾರೆ. ಅದನ್ನು ಹಾಕಿಕೊಂಡು ಬಾಗಿಲಿಗೆಲ್ಲ ತಾಗುತ್ತಿದ್ದಾನೆ, ನೋಡಲಾಗುತ್ತಿಲ್ಲ.

ಮುಳ್ಳು ಚುಚ್ಚಿದ ಕಾಲನ್ನು ದಿನಾ ಸೋಪು ಹಾಕಿ ತಿಕ್ಕುತ್ತಿದ್ದೆ ಅನ್ನುವುದು ಮನಸ್ಸಿನಿಂದ ಹೋಗುತ್ತಿಲ್ಲ. ಅವನು ಎಷ್ಟು ತಡೆದುಕೊಂಡ!

ಅತ್ತೆಯವರಿಗೆ ಮುಳ್ಳು ತೋರಿಸಿದೆ. ಕಾಗದದಲ್ಲಿ ಕಟ್ಟಿಕೊಂಡು ಬಂದಿದ್ದೆ. ತುಂಬ ಹೊತ್ತು ನೋಡಿದರು. ಆಮೇಲೆ ಒಳಗೆ ಹೋಗಿ ತಮ್ಮ ಒಂದು ಹಳೆ ಇಳಕಲ್ ಸೀರೆ ತಂದು ಹರಿದರು. "ಇದು ನೀರು ಚಲೋ ಹೀರತೈತಿ, ತೊಗೋ" ಅಂದರು.

ಇಳಕಲ್_ಸೆರಗು · 9:01

ಓದಿ ಕಣ್ಣು ತುಂಬಿತು ತಂಗಿ. ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ. ಹತ್ತಿ ಸೀರೆಯೇ ತಾನೆ? ರೇಷ್ಮೆ ಸೆರಗಿನ ಭಾಗ ಬೇಡ, ನೀರು ಹೀರಲ್ಲ.

ಪಶುವೈದ್ಯ_ಬಾಗಲಕೋಟೆ · 9:15

ಒಳ್ಳೆಯದಾಯಿತು. ಕೋನ್ ಕನಿಕರಪಟ್ಟು ತೆಗೆಯಬೇಡಿ, ಎರಡು ದಿನದಲ್ಲಿ ರೂಢಿಯಾಗುತ್ತದೆ. ಊಟದ ತಟ್ಟೆಯನ್ನು ಸ್ವಲ್ಪ ಎತ್ತರದಲ್ಲಿಡಿ. ನೆಕ್ಕುವುದು ನಿಂತ ಮೇಲೂ ಶಾಂಪೂ ಅವರು ಹೇಳಿದಷ್ಟು ದಿನ ಮುಂದುವರಿಸಿ. ಪ್ರತಿ ಮಳೆಗಾಲದಲ್ಲೂ ಇದೇ ತಿರುಗಿ ಬಂದರೆ ಅಲರ್ಜಿ ಇದೆಯೇ ಅಂತ ನೋಡಬೇಕಾಗುತ್ತದೆ.

ಮುಧೋಳ_ಹೊಲ · ಗುರುವಾರ ಬೆಳಿಗ್ಗೆ 6:20

ತಂಗಿ, ನಿನ್ನೆ ನಿನ್ನ ಬರಹ ಓದಿ ರಾತ್ರಿಯೇ ಬ್ಯಾಟರಿ ಹಿಡಿದು ನಮ್ಮ ಎರಡರ ಕಾಲೂ ನೋಡಿದೆ. ದೊಡ್ಡದು ಚೊಕ್ಕ ಇದೆ. ಸಣ್ಣದರ ಹಿಂಗಾಲಿನ ಸಂದಿಯಲ್ಲಿ ಮೂರು ಉಣ್ಣಿ. ಉಬ್ಬಿಕೊಂಡು ಹುಣಸೆ ಬೀಜದಂತಾಗಿದ್ದವು. ಮೇಲಿನಿಂದ ಏನೂ ಕಾಣುತ್ತಿರಲಿಲ್ಲ.

ತೊಳೆಯುವ ವಿಷಯದಲ್ಲಿ ನನ್ನ ಮಾತು ಅದೇ. ಆದರೆ ದಿನಾ ಸಂದಿ ಬಿಡಿಸಿ ನೋಡುವುದು ಸರಿ. ನಮ್ಮ ಅಜ್ಜ ಕೂಡ ರಾತ್ರಿ ಊಟ ಹಾಕುವ ಮುಂಚೆ ನಾಯಿಗಳ ಕಾಲ ಮೇಲೆ ಕೈಯಾಡಿಸುತ್ತಿದ್ದರು. ಸುಮ್ನೆ ಮುದ್ದು ಮಾಡುತ್ತಾರೆ ಅಂದುಕೊಂಡಿದ್ದೆ. ಮುಳ್ಳು ನೋಡುತ್ತಿದ್ದರು ಅಂತ ಈಗ ಹೊಳೆಯಿತು.

ಉಣ್ಣಿಗೆ ಸೀಮೆಎಣ್ಣೆ ಹಚ್ಚಲೇ?

ಪಶುವೈದ್ಯ_ಬಾಗಲಕೋಟೆ · 6:41

ಬೇಡ ಕಾಕಾ. ಸೀಮೆಎಣ್ಣೆ, ಬೆಂಕಿಕಡ್ಡಿ ಎರಡೂ ಬೇಡ. ಚಿಮಟದಿಂದ ಚರ್ಮಕ್ಕೆ ಅಂಟಿದ ಬುಡದಲ್ಲೇ ಹಿಡಿದು ನೇರ ಮೇಲಕ್ಕೆ ನಿಧಾನ ಎಳೆಯಿರಿ. ತಿರುಚಬೇಡಿ, ಬೆರಳಲ್ಲಿ ಹಿಸುಕಬೇಡಿ. ಹೆಣ್ಣು ಉಣ್ಣಿ ಒಂದೇ ಸಾವಿರಾರು ಮೊಟ್ಟೆ ಇಡುತ್ತದೆ, ಹಾಗಾಗಿ ಅಲ್ಲೇ ಬಿಸಾಡದೆ ಸ್ಪಿರಿಟ್ ಹಾಕಿದ ಡಬ್ಬಿಯಲ್ಲಿ ಹಾಕಿ. ಮುಂದಿನ ಎರಡು ಮೂರು ವಾರ ಜ್ವರ, ಊಟ ಬಿಡುವುದು, ವಸಡು ಬಿಳಚಿಕೊಳ್ಳುವುದು ಕಂಡರೆ ತಕ್ಷಣ ರಕ್ತ ಪರೀಕ್ಷೆ ಮಾಡಿಸಿ. ಉಣ್ಣಿಯಿಂದ ಎರ್ಲಿಕಿಯಾ, ಬಬೇಸಿಯಾ ಅನ್ನುವ ರಕ್ತದ ಸೋಂಕು ಬರುತ್ತವೆ. ನಿಮ್ಮಲ್ಲಿಂದ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರ ಹತ್ತಿರವೇ ಅಲ್ವಾ, ಅಲ್ಲಿ ಮುಧೋಳ ನಾಯಿಯನ್ನು ಚೆನ್ನಾಗಿ ಬಲ್ಲವರಿದ್ದಾರೆ.

ಮುಧೋಳ_ಹೊಲ · 6:50

ಹತ್ತಿರವೇ. ಕರೆದುಕೊಂಡು ಹೋಗುತ್ತೇನೆ.

ಹೊಸ_ಸದಸ್ಯ_ಜಮಖಂಡಿ · 11:30

ನಮ್ಮ ಪೊಮೇರಿಯನ್‌ಗೆ 13 ವರ್ಷ. ಮೂರು ಕಾಲ ಮೇಲೆ ನಿಲ್ಲಲು ಆಗಲ್ಲ, ಕಾಲು ಎತ್ತಿದರೆ ಬೀಳುತ್ತಾಳೆ. ಅಂಗಾಲು ಬಿರಿದು ಒರಟಾಗಿದೆ. ಏನು ಮಾಡಲಿ?

ಕ್ಯಾಂಪ್_ಬೆಳಗಾವಿ · 11:48

ನಿಲ್ಲಿಸಿ ಮಾಡಬೇಡಿ. ದಪ್ಪ ಹಾಸಿಗೆ ಮೇಲೆ ಪಕ್ಕಕ್ಕೆ ಮಲಗಿಸಿ, ಅವಳು ನಿದ್ದೆಗೆ ಜಾರುವ ಹೊತ್ತು ನೋಡಿ ಒದ್ದೆ ಬಟ್ಟೆಯಿಂದ ಒರೆಸಿ. ಬೆರಳ ನಡುವಿನ ಕೂದಲನ್ನು ಮೆತ್ತೆಯ ಮಟ್ಟಕ್ಕೆ ಕತ್ತರಿಸಿ. ಕೂದಲು ಉದ್ದ ಇದ್ದರೆ ಮುದಿ ನಾಯಿ ಫರಸಿ ಮೇಲೆ ಜಾರುತ್ತದೆ. ಬಿರುಕಿಗೆ ರಾತ್ರಿ ಮಲಗುವಾಗ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ, ಮೆತ್ತೆಗೆ ಮಾತ್ರ, ಸಂದಿಗೆ ಬೇಡ. ಜಿಂಕ್ ಇರುವ ಕ್ರೀಮ್ ಹಚ್ಚಬೇಡಿ, ನೆಕ್ಕಿದರೆ ವಿಷ. ಅವಳು ಓಡಾಡುವ ದಾರಿಯಲ್ಲಿ ಚಾಪೆ ಹಾಸಿ. ಬಿರುಕು ಒಮ್ಮೆಲೇ ಹೆಚ್ಚಾಗಿದ್ದರೆ ಒಮ್ಮೆ ಡಾಕ್ಟರಿಗೆ ತೋರಿಸಿ, ಒಳಗಿನ ಕಾಯಿಲೆಯೂ ಇರಬಹುದು.

ಹೊಸ_ಸದಸ್ಯ_ಜಮಖಂಡಿ · 11:55

ಆಗಲಿ ಸರ್. ಚಾಪೆ ಇವತ್ತೇ ಹಾಸುತ್ತೇನೆ.

ಎರೆಮಣ್ಣು_ವಿಜಯಪುರ · ಹನ್ನೆರಡು ದಿನದ ನಂತರ, ಸಂಜೆ 7:10

ಯಾರಾದರೂ ಕೇಳಿದರೆ ಅಂತ ಬರೆಯುತ್ತಿದ್ದೇನೆ. ಬಾವು ಇಳಿದಿದೆ. ವಾಸನೆ ಇಲ್ಲ. ರಾತ್ರಿ ಚಪ್ ಚಪ್ ಸದ್ದು ನಿಂತಿದೆ. ತುಕ್ಕಿನ ಬಣ್ಣ ಹಾಗೇ ಇದೆ, ಹೊಸ ಕೂದಲು ಬಂದ ಮೇಲೆ ಹೋಗುತ್ತದಂತೆ.

ನವನಗರದ ತಮ್ಮ ಹೇಳಿದ ಮೊಟ್ಟೆ ಚೂರಿನ ಪಾಠ ನಾಲ್ಕು ದಿನದಿಂದ ನಡೆದಿದೆ. ಮೂರು ಕಾಲು ಕೊಡುತ್ತಾನೆ. ಮುಂದಿನ ಎಡಗಾಲು ಮುಟ್ಟಿದರೆ ಇನ್ನೂ ನನ್ನ ಮುಖ ನೋಡುತ್ತಾನೆ. ಆಗ ಕೈ ತೆಗೆದುಬಿಡುತ್ತೇನೆ.

ನವನಗರ_ಸೆಕ್ಟರ್ · 7:18

ಅದನ್ನೇ ಮಾಡಿ ಅಕ್ಕಾ. ಆ ಕಾಲಿಗೆ ಮಾತ್ರ ಎರಡು ಚೂರು ಕೊಡಿ.